ನಾಲ್ಕರಲ್ಲಿ ಮೂರು ವರ್ಷದ ನೀರು

ನದಿಯೊಂದರಲ್ಲಿ ಎಷ್ಟು ನೀರು ಹರಿಯುತ್ತದೆಂಬ ಪ್ರಶ್ನೆ ಕೇಳುವುದಕ್ಕೆ ಸುಲಭ. ಉತ್ತರ ಕೊಡುವುದು ಮಾತ್ರ ಯಾವುದೇ ಒಂದು ಶಾಸ್ತ್ರದಿಂದ ಆಗತಕ್ಕ ಕೆಲಸವಲ್ಲ. ಹರಿವನ್ನು ಅಳೆದು ಅಣೆಕಟ್ಟು ಕಟ್ಟುವವನು ಇಂಜಿನಿಯರು. ಅಳತೆಗಳ ರಾಶಿಯಿಂದ ಅರ್ಥವನ್ನು ಹೊರತೆಗೆಯುವವನು ಸಂಖ್ಯಾಶಾಸ್ತ್ರಜ್ಞ. ಇದ್ದುದನ್ನು ಹಂಚಿಕೊಡುವವನು ಆಡಳಿತಗಾರ. ಈ ಮೂವರ ವಿದ್ಯೆ ಹೇಗೆ ಒಂದರೊಡನೊಂದು ಹೆಣೆದುಕೊಂಡಿದೆಯೆಂಬುದಕ್ಕೆ ವಿಜಯಪುರದ ನೀರಿನ ಕಥೆ ಒಳ್ಳೆಯ ನಿದರ್ಶನ.

ಆದಿಲಶಾಹಿಗಳ ಕಾಲದಲ್ಲಿ ಈ ಊರು ಕುಡಿಯುತ್ತಿದ್ದುದು ತನ್ನ ಆಸುಪಾಸಿನ ನೀರನ್ನೇ. ಪಶ್ಚಿಮದ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ಒಂದು ಧಾರೆ. ದಕ್ಷಿಣದಲ್ಲಿ ಮಹಮ್ಮದ್ ಆದಿಲಶಾಹನು 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದ ಇನ್ನೊಂದು ಧಾರೆ. ಮಣ್ಣಿನ ಕೊಳವೆಗಳ ದಾರಿಯಲ್ಲಿ ಅಲ್ಲಲ್ಲಿ ಕಲ್ಲುಗಾರೆಯ ಗೋಪುರಗಳನ್ನು ನಿಲ್ಲಿಸಿದ್ದರು. ಇವೇ ಗಂಜುಗಳು. ಇವುಗಳಲ್ಲಿ ನೀರಿನ ಒತ್ತಡ ತಗ್ಗುತ್ತಿತ್ತು, ಹೂಳು ತಳದಲ್ಲಿ ನಿಲ್ಲುತ್ತಿತ್ತು. ಕೆಲಸದ ಚಾತುರ್ಯ ಮೆಚ್ಚತಕ್ಕುದೇ. ಆದರೆ ಕೆರೆಯೇ ಬತ್ತಿದ ವರ್ಷ ಗಂಜು ಏನು ಮಾಡೀತು? ಮಳೆಯನ್ನು ನಂಬಿದ ನಾಡಿನ ಪಾಡೇನೆಂಬುದನ್ನು 1876-78ರ ಭೀಕರ ಕ್ಷಾಮ ಈ ಸೀಮೆಗೆ ತೋರಿಸಿಕೊಟ್ಟಿತು.

ಇಂದು ಜೋರಾಪುರ ಪೇಟೆ, ಶಹಾಪೇಟೆಗಳಂಥ ಹಳೆಯ ಪೇಟೆಗಳುಳ್ಳ ಈ ನಗರಕ್ಕೆ ಕೃಷ್ಣೆಯ ನೀರು ಬರುತ್ತದೆ. ತಿಕೋಟಾ, ಬಬಲೇಶ್ವರಗಳ ಒಣಭೂಮಿಯ ಕಡೆಗೂ ಏತ ನೀರಾವರಿಯಿಂದ ಅದೇ ನದಿಯನ್ನು ಎತ್ತಿ ತಂದಿದ್ದಾರೆ. ಹಾಗಾದರೆ ಕೃಷ್ಣೆಯಲ್ಲಿ ನೀರೆಷ್ಟು?

1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿಯ ಮುಂದಿದ್ದುದು ಈ ಪ್ರಶ್ನೆಯೇ. ಅದು ಆಧಾರವಾಗಿ ಹಿಡಿದದ್ದು 1894-95ರಿಂದ 1971-72ರವರೆಗಿನ 78 ವರ್ಷಗಳ ಹರಿವಿನ ಲೆಕ್ಕವನ್ನು. ಈ ವರ್ಷಗಳನ್ನು ಹೆಚ್ಚು ಹರಿವಿನಿಂದ ಕಡಿಮೆ ಹರಿವಿನ ಕಡೆಗೆ ಸಾಲಾಗಿ ನಿಲ್ಲಿಸಿದೆವೆಂದು ಭಾವಿಸೋಣ. ಮೇಲಿನಿಂದ ಎಣಿಸುತ್ತ ಮುಕ್ಕಾಲು ಪಾಲು ಕೆಳಗಿಳಿದರೆ, ಸುಮಾರು 59ನೆಯ ಸ್ಥಾನದಲ್ಲಿ ಸಿಕ್ಕುವ ಹರಿವು ನಾಲ್ಕರಲ್ಲಿ ಮೂರು ವರ್ಷ ತಪ್ಪದೆ ದೊರೆಯತಕ್ಕುದು. ಇದಕ್ಕೆ ಶೇಕಡ 75ರ ವಿಶ್ವಾಸಾರ್ಹ ಹರಿವು ಎಂದು ಹೆಸರು. ಕೃಷ್ಣೆಗೆ ಅದು 2060 ಟಿ.ಎಂ.ಸಿ. ಎಂದು ನಿರ್ಣಯವಾಯಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. 1976ರ ಅಂತಿಮ ಹಂಚಿಕೆಯಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800.

ಶೇಕಡ 75 ಎಂಬುದು ಪ್ರಕೃತಿಯ ನಿಯಮವಲ್ಲವೆಂಬುದನ್ನು ಓದುಗರು ಇಲ್ಲಿ ಗಮನಿಸಬೇಕು. ಅದು ಮನುಷ್ಯರು ಮಾಡಿಕೊಂಡ ಆಯ್ಕೆ. ಶೇಕಡ 90 ಎಂದು ಹಿಡಿದರೆ ಮಾತು ತಪ್ಪುವ ಸಂದರ್ಭ ವಿರಳವಾದೀತು, ಹಂಚುವ ನೀರೂ ಕಡಿಮೆಯಾದೀತು. ಶೇಕಡ 50 ಎಂದರೆ ಪಾಲು ದೊಡ್ಡದು, ಆದರೆ ವರ್ಷ ಬಿಟ್ಟು ವರ್ಷ ಬೆಳೆ ಒಣಗಬಹುದು. ಸಂಖ್ಯಾಶಾಸ್ತ್ರಜ್ಞನು ಪ್ರತಿಯೊಂದು ಶೇಕಡಕ್ಕೂ ಒಂದು ಅಂಕಿಯನ್ನು ಕೊಡಬಲ್ಲನು. ಎಷ್ಟು ಸಾರಿ ಸೋತರೆ ನಾವು ತಾಳಿಕೊಳ್ಳಬಲ್ಲೆವೆಂಬುದನ್ನು ಅವನ ಲೆಕ್ಕ ಹೇಳಲಾರದು.

ಇಂಜಿನಿಯರನ ಕೈವಾಡವಿರುವುದು ಇಲ್ಲಿ. ಜಲಾಶಯ ದೊಡ್ಡದಾದರೆ ಒಳ್ಳೆಯ ವರ್ಷದ ಉಳಿಕೆಯನ್ನು ಕೆಟ್ಟ ವರ್ಷಕ್ಕೆ ದಾಟಿಸಬಹುದು. 2004ರಲ್ಲಿ ನೇಮಕವಾದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿಯು 1961-62ರಿಂದ 47 ವರ್ಷಗಳ ಲೆಕ್ಕವನ್ನು ತೆಗೆದುಕೊಂಡಿತು. ಈ ಸಾಲಿನಲ್ಲಿ ಶೇಕಡ 75ರ ಹರಿವು 2173 ಟಿ.ಎಂ.ಸಿ., ಶೇಕಡ 65ರ ಹರಿವು 2293. ನದಿ ಒಂದೇ, ಎಣಿಸಿದ ವರ್ಷಗಳು ಬೇರೆಯಾದುದರಿಂದ ಅಂಕಿಯೂ ಬೇರೆಯಾಯಿತು. 2010ರ ತೀರ್ಪಿನಲ್ಲಿ ಮಂಡಳಿಯು ಶೇಕಡ 65ನ್ನು ಒಪ್ಪಿ, ಆಲಮಟ್ಟಿಯ ಜಲಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಅನುಮತಿಯಿತ್ತಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ತೀರ್ಪಿನ ಅಧಿಕೃತ ಪ್ರಕಟಣೆಯನ್ನು ತಡೆಯಿತು.

ಕೆಟ್ಟ ವರ್ಷಕ್ಕೆಂದು ಎಷ್ಟು ನೀರನ್ನು ಕೂಡಿಡಬೇಕು? ಇದಕ್ಕೆ ಒಂದು ಎಚ್ಚರಿಕೆಯ ಮಾತು ಈಜಿಪ್ಟಿನಿಂದ ಬಂದಿದೆ. ನೈಲ್ ನದಿಯ ಅಧ್ಯಯನದಲ್ಲಿ ಬಾಳನ್ನು ಸವೆಸಿದ ಹೆರಾಲ್ಡ್ ಹರ್ಸ್ಟ್ 1951ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಶತಮಾನಗಳ ದಾಖಲೆಗಳನ್ನು ಜಾಲಾಡಿದ ಅವನಿಗೆ, ಬರದ ವರ್ಷಗಳು ಬಿಡಿಬಿಡಿಯಾಗಿ ಬರದೆ ಗುಂಪುಗುಂಪಾಗಿ ಬರುವ ಒಲವು ಕಂಡುಬಂದಿತು. ಚಿಮ್ಮಿದ ನಾಣ್ಯಕ್ಕೆ ಹಿಂದಿನ ಸರದಿಯ ನೆನಪಿಲ್ಲ. ನದಿಗೆ ಅಂಥ ನೆನಪು ಇದ್ದಂತೆ ತೋರುತ್ತದೆ. ಆದುದರಿಂದ ಸಾಮಾನ್ಯ ಲೆಕ್ಕ ಹೇಳುವುದಕ್ಕಿಂತ ಹೆಚ್ಚಿನ ಸಂಗ್ರಹ ಬೇಕಾಗುತ್ತದೆ. ನಾಲ್ಕರಲ್ಲಿ ಒಂದು ವರ್ಷ ಕೊರತೆಯೆಂದರೆ, ನಾಲ್ಕನೆಯ ವರ್ಷವೇ ಅದು ಬಂದು ಹೋಗುತ್ತದೆಂದಲ್ಲ. ಮೂರು ವರ್ಷ ಒಟ್ಟಿಗೇ ಬಂದು ಬಾಗಿಲಲ್ಲಿ ಕುಳಿತೀತು.

ಹಾಗೆಂದು ಅಣೆಕಟ್ಟನ್ನು ಮನಬಂದಷ್ಟು ಎತ್ತರಿಸುವಂತೆಯೂ ಇಲ್ಲ. ಏರಿದ ಒಂದೊಂದು ಮೀಟರಿನ ಕೆಳಗೂ ಹೊಲವುಂಟು, ಮನೆಯುಂಟು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗಿ, ಜನರು ನವನಗರದಲ್ಲಿ ಹೊಸದಾಗಿ ಬಾಳನ್ನು ಕಟ್ಟಿಕೊಳ್ಳಬೇಕಾಯಿತು. ಆ ವೆಚ್ಚವನ್ನೂ ಆ ನೋವನ್ನೂ ತೂಗಿ ನೋಡುವ ಹೊಣೆ ಆಡಳಿತದ್ದು.

ಹೀಗೆ ಮೂರು ವಿದ್ಯೆಗಳೂ ಒಂದೇ ಅಂಕಿಯಲ್ಲಿ ಬಂದು ಕೂಡುತ್ತವೆ. ಅಳತೆ ತಪ್ಪಿದರೆ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದರೆ ಹಂಚಿಕೆ ತಪ್ಪುತ್ತದೆ. ಹಂಚಿಕೆ ತಪ್ಪಿದರೆ ನಳದ ಕೆಳಗಿಟ್ಟ ಕೊಡ ಬರಿದಾಗಿಯೇ ಉಳಿಯುತ್ತದೆ. ದಿನದಿನವೂ ನದಿಯ ದಡದಲ್ಲಿ ನಿಂತು ಮಟ್ಟಗೋಲನ್ನು ಓದಿ ಬರೆದಿಡುವವನ ಕೆಲಸ ಸಣ್ಣದೆಂದು ಯಾರೂ ತಿಳಿಯದಿರಲಿ. ಮುಂದಿನ ತಲೆಮಾರಿನ ಪಾಲು ನಿರ್ಣಯವಾಗುವುದು ಆ ಪುಸ್ತಕದಿಂದಲೇ.