ಆರು ಮಂದಿಯ ಲೆಕ್ಕ

ಕಬ್‌ಗಳ ವಾರದ ಕೂಟದಲ್ಲಿ ಉಗುರು ನೋಡುವ ಹೊತ್ತೊಂದಿದೆ. ಹುಡುಗರು ಎರಡೂ ಕೈ ಮುಂದೆ ಚಾಚಿ ಸಾಲಾಗಿ ನಿಲ್ಲುತ್ತಾರೆ. ಉಗುರು ಕತ್ತರಿಸಿದೆಯೇ, ತಲೆ ಬಾಚಿದೆಯೇ, ಜೇಬಿನಲ್ಲಿ ಕರವಸ್ತ್ರ ಇದೆಯೇ, ಕೊರಳಿನ ಸ್ಕಾರ್ಫ್ ನೆಟ್ಟಗಿದೆಯೇ ಎಂದು ಒಬ್ಬೊಬ್ಬರನ್ನೇ ನೋಡುತ್ತಾ ಬರುವವನು ಮೇಷ್ಟ್ರಲ್ಲ, ಒಂಬತ್ತು ವರ್ಷದ ಇನ್ನೊಬ್ಬ ಹುಡುಗ. ಮೇಷ್ಟ್ರ ಸರದಿ ಬರುವುದು ಆಮೇಲೆ.

ಆ ಹುಡುಗನಿಗೆ ಸಿಕ್ಸರ್ ಎಂದು ಹೆಸರು. ಕ್ರಿಕೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಆರು ಹುಡುಗರ ಗುಂಪು ಒಂದು ಸಿಕ್ಸ್, ಅದರ ಮುಂದಾಳು ಸಿಕ್ಸರ್, ಅವನಿಗೆ ನೆರವಾಗುವವನು ಸೆಕೆಂಡ್. ಎರಡರಿಂದ ನಾಲ್ಕು ಸಿಕ್ಸ್‌ಗಳು ಸೇರಿದರೆ ಒಂದು ಪ್ಯಾಕ್. ಅಂದರೆ 12ರಿಂದ 24 ಹುಡುಗರು. ಪ್ಯಾಕ್‌ ನಡೆಸುವವರು ಕಬ್ ಮಾಸ್ಟರ್. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿ ಹತ್ತು ವರ್ಷದೊಳಗಿನ ಹುಡುಗರು ಕಬ್‌ಗಳು, ಅದೇ ವಯಸ್ಸಿನ ಹುಡುಗಿಯರು ಬುಲ್‌ಬುಲ್‌ಗಳು. ಹತ್ತು ದಾಟಿದ ಹುಡುಗ ಸ್ಕೌಟ್ ಆಗುತ್ತಾನೆ. ಅಲ್ಲಿ ಸಿಕ್ಸ್‌ನ ಜಾಗದಲ್ಲಿ ಆರರಿಂದ ಎಂಟು ಮಂದಿಯ ಪೆಟ್ರೋಲ್ ಇರುತ್ತದೆ.

ಈ ಆರು ಮಂದಿಯ ಲೆಕ್ಕವೇ ಇಡೀ ಪದ್ಧತಿಯ ಜೀವ. ನಲವತ್ತು ಮಕ್ಕಳ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗ ತಿಂಗಳುಗಟ್ಟಲೆ ಬಾಯಿ ಬಿಡದೆ ಕಳೆದುಬಿಡಬಹುದು. ಆರು ಮಂದಿಯಲ್ಲಿ ಹಾಗಾಗುವುದಿಲ್ಲ. ಒಬ್ಬ ಬಾರದಿದ್ದರೆ ಜಾಗ ಖಾಲಿ ಕಾಣುತ್ತದೆ, ಒಬ್ಬ ಹಗ್ಗ ತರುವುದನ್ನು ಮರೆತರೆ ಆಟ ನಿಲ್ಲುತ್ತದೆ. ಯಾರ ಕೆಲಸ ಯಾವುದು ಎಂಬುದು ಆರೂ ಮಂದಿಗೆ ಗೊತ್ತಿರುತ್ತದೆ.

ಚಿಕ್ಕ ಗುಂಪಿನ ಈ ಯೋಚನೆಗೆ ನೂರು ವರ್ಷ ದಾಟಿದೆ. 1907ರ ಆಗಸ್ಟ್‌ನಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸುಮಾರು ಇಪ್ಪತ್ತು ಹುಡುಗರನ್ನು ಕರೆದೊಯ್ದು ಡೇರೆ ಹಾಕಿಸಿದ. ದೊಡ್ಡ ಮನೆತನದ ಹುಡುಗರೂ ಇದ್ದರು, ದುಡಿಯುವವರ ಮಕ್ಕಳೂ ಇದ್ದರು. ಅವರನ್ನು ಬೆರೆಸಿ ತೋಳ, ಗೂಳಿ, ಕಾಗೆ ಜಾತಿಯ ರೇವನ್, ನೀರುಹಕ್ಕಿ ಕರ್ಲ್ಯೂ ಎಂದು ನಾಲ್ಕು ಪೆಟ್ರೋಲ್ ಮಾಡಿ, ಪ್ರತಿಯೊಂದಕ್ಕೂ ಒಬ್ಬ ಹುಡುಗನನ್ನೇ ನಾಯಕನನ್ನಾಗಿಸಿದ. ಅಣ್ಣಂದಿರು ಸ್ಕೌಟ್ ಆದ ಮೇಲೆ ತಮ್ಮಂದಿರು ನಮ್ಮನ್ನೂ ಸೇರಿಸಿಕೊಳ್ಳಿ ಎಂದು ದುಂಬಾಲು ಬಿದ್ದರು. ಅವರಿಗಾಗಿ 1916ರಲ್ಲಿ ಕಬ್ ವಿಭಾಗ ಹುಟ್ಟಿತು.

ಎಂಟು ವರ್ಷದವನಿಗೆ ಕವಾಯತು ಹಿಡಿಸುವುದಿಲ್ಲ, ಕಥೆ ಬೇಕು. ಬೇಡನ್ ಪೊವೆಲ್ ಸ್ನೇಹಿತ ಕಿಪ್ಲಿಂಗ್‌ನ ಒಪ್ಪಿಗೆ ಪಡೆದು ‘ಜಂಗಲ್ ಬುಕ್’ನ ಕಾಡನ್ನೇ ಪ್ಯಾಕ್‌ಗೆ ತಂದ. ಹುಡುಗರು ತೋಳದ ಮರಿಗಳು, ಅವರ ಹಿರಿಯ, ಅಂದರೆ ಕಬ್ ಮಾಸ್ಟರ್, ಅಕೇಲಾ. ಬಲೂ, ಬಘೀರ ಸಹಾಯಕರು. ಕಥೆ ನಡೆಯುವ ಸಿಯೋನಿ ಬೆಟ್ಟಗಳಿರುವುದು ಮಧ್ಯಪ್ರದೇಶದಲ್ಲಿ. ಅಕೇಲಾ ಎಂದರೆ ಹಿಂದಿಯಲ್ಲಿ ಒಂಟಿ. ಇಲ್ಲಿಂದ ಹೋದ ಮಾತುಗಳು ಇಂಗ್ಲೆಂಡ್ ಸುತ್ತಿಕೊಂಡು ನಮ್ಮ ಊರಿನ ಶಾಲೆಯ ಮೈದಾನಕ್ಕೆ ಆಟವಾಗಿ ಮರಳಿವೆ. ಕೂಟ ಶುರುವಾಗುವಾಗ ಮಕ್ಕಳು ವೃತ್ತದಲ್ಲಿ ಕುಕ್ಕರುಗಾಲಲ್ಲಿ ಕೂತು, ಬೆರಳು ನೆಲಕ್ಕೂರಿ, ತಲೆಯೆತ್ತಿ ತೋಳದಂತೆ ಊಳಿಡುತ್ತಾರೆ. ಗ್ರ್ಯಾಂಡ್ ಹೌಲ್ ಎನ್ನುವ ಈ ಕೂಗಿನಲ್ಲಿ ಅವರು ಅಕೇಲಾಗೆ ಕೊಡುವ ಮಾತು ಒಂದೇ: ಕೈಲಾದಷ್ಟು ಮಾಡುತ್ತೇವೆ.

ಕಬ್ ಪ್ರತಿಜ್ಞೆಯಲ್ಲೂ ಇದೇ ‘ಕೈಲಾದಷ್ಟು’ ಇದೆ. ದೇವರಿಗೂ ದೇಶಕ್ಕೂ ಸಲ್ಲಬೇಕಾದ ಕರ್ತವ್ಯ, ಕಬ್ ನಿಯಮದ ಪಾಲನೆ, ದಿನಕ್ಕೊಂದು ಒಳ್ಳೆಯ ಕೆಲಸ ಎಲ್ಲಕ್ಕೂ ಅಳತೆ ಅದೇ. ಚಿಕ್ಕ ಮಗುವಿನಿಂದ ಅದರ ಶಕ್ತಿ ಮೀರಿದ್ದನ್ನು ಕೇಳದಿರುವ ಈ ಎಚ್ಚರ ಬಹಳ ದೊಡ್ಡದು. ಪಕ್ಕದವನಿಗಿಂತ ಹೆಚ್ಚು ಅಂಕ ತೆಗೆ ಎಂಬ ಒತ್ತಾಯದ ನಡುವೆ ಬೆಳೆಯುವ ಮಕ್ಕಳಿಗೆ ವಾರಕ್ಕೊಮ್ಮೆಯಾದರೂ ಈ ಬೇರೆ ಅಳತೆ ಸಿಗಬೇಕು.

ಉಳಿದ ಹೊತ್ತೆಲ್ಲ ಆಟ ಮತ್ತು ಕೈಕೆಲಸ. ಕಿಮ್ಸ್ ಗೇಮ್ ಎಂಬ ಆಟದ ಮೂಲವೂ ಕಿಪ್ಲಿಂಗ್‌ನ ಕಾದಂಬರಿಯೇ. ತಟ್ಟೆಯಲ್ಲಿ ಗುಂಡಿ, ಬೀಗದ ಕೈ, ಹುಣಸೆಬೀಜ, ಸೀಮೆಸುಣ್ಣದಂಥ ಹತ್ತಾರು ವಸ್ತು ಇಟ್ಟು, ಒಂದು ನಿಮಿಷ ತೋರಿಸಿ ಬಟ್ಟೆ ಮುಚ್ಚುತ್ತಾರೆ. ಕಂಡದ್ದನ್ನು ನೆನಪಿನಿಂದ ಹೇಳಬೇಕು. ಒಬ್ಬನೇ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಸಿಕ್ಸ್‌ನ ಆರೂ ಮಂದಿ ಕೂಡಿ ನೆನೆದರೆ ಪಟ್ಟಿ ತುಂಬುತ್ತದೆ.

ಗಂಟು ಕಲಿಸುವಾಗಲೂ ಹೀಗೆಯೇ. ಬಲತುದಿ ಎಡದ ಮೇಲೆ, ಆಮೇಲೆ ಎಡತುದಿ ಬಲದ ಮೇಲೆ ಬಂದರೆ ರೀಫ್ ಗಂಟು. ಎರಡನೆಯ ಸಲವೂ ಬಲತುದಿಯನ್ನೇ ಮೇಲೆ ತಂದರೆ ಅದು ಜಾರುವ ಗಂಟು. ರೀಫ್ ಗಂಟು ಚಪ್ಪಟೆಯಾಗಿ ಕೂರುವುದರಿಂದ ಗಾಯದ ಪಟ್ಟಿಗೆ ಹೇಳಿ ಮಾಡಿಸಿದ್ದು, ಬಿಚ್ಚುವುದೂ ಸುಲಭ. ಒಂದು ಹಗ್ಗ ದಪ್ಪ, ಇನ್ನೊಂದು ತೆಳ್ಳಗಿದ್ದರೆ ಅದು ನಿಲ್ಲದು. ಅದಕ್ಕೆ ಶೀಟ್ ಬೆಂಡ್ ಬೇಕು. ಈ ವಾರ ಕಲಿತವನು ಮುಂದಿನ ವಾರ ತನ್ನ ಸಿಕ್ಸ್‌ನ ಹೊಸಬನಿಗೆ ಹೇಳಿಕೊಡುತ್ತಾನೆ. ಹೇಳಿಕೊಡುವಾಗಲೇ ಅವನಿಗೂ ಗಂಟು ಪೂರ್ತಿ ಕೈಗೆ ಹತ್ತುವುದು.

ಹೀಗೆ ಕಲಿಯುತ್ತಾ ಕಬ್ ಏರಲು ಪ್ರವೇಶದಿಂದ ಚತುರ್ಥ ಚರಣದವರೆಗೆ ಮೆಟ್ಟಿಲುಗಳಿವೆ. ಕೊನೆಯಲ್ಲಿ ಗೋಲ್ಡನ್ ಆ್ಯರೋ ಪ್ರಶಸ್ತಿ.

ನಮ್ಮಲ್ಲಿ ಹೆಚ್ಚಿನ ಪ್ಯಾಕ್‌ಗಳು ಶಾಲೆಗಳಲ್ಲಿವೆ, ಶಿಕ್ಷಕರೇ ಕಬ್ ಮಾಸ್ಟರ್‌ಗಳು. ಶಾಲೆಗೆ ಸೇರದ ಮುಕ್ತ ದಳಗಳೂ ಇವೆ. ಪಾಠ ಹೇಳುವ ಅನುಭವವೊಂದೇ ಇಲ್ಲಿ ಸಾಲದು, ಬೇಸಿಕ್ ಕೋರ್ಸ್, ಅಡ್ವಾನ್ಸ್ಡ್ ಕೋರ್ಸ್, ಮುಂದೆ ಹಿಮಾಲಯ ವುಡ್ ಬ್ಯಾಡ್ಜ್ ಎಂದು ತರಬೇತಿಯ ಹಂತಗಳಿವೆ. ದೊಡ್ಡಬಳ್ಳಾಪುರದಲ್ಲೂ ಹರಿಹರದ ಹತ್ತಿರದ ಕೊಂಡಜ್ಜಿಯಲ್ಲೂ ಇಂಥ ಶಿಬಿರಗಳು ನಡೆಯುತ್ತವೆ. ದೊಡ್ಡಬಳ್ಳಾಪುರದ ಕೇಂದ್ರಕ್ಕೆ ಆನಿ ಬೆಸೆಂಟ್ ಹೆಸರಿಟ್ಟಿರುವುದಕ್ಕೆ ಕಾರಣವಿದೆ. 1909ರಲ್ಲಿ ದೇಶದ ಮೊದಲ ಸ್ಕೌಟ್ ದಳ ಬೆಂಗಳೂರಿನಲ್ಲೇ ಶುರುವಾಯಿತಾದರೂ ಭಾರತೀಯ ಹುಡುಗರಿಗೆ ಅದರ ಬಾಗಿಲು ಮುಚ್ಚಿತ್ತು. ನಮ್ಮ ಮಕ್ಕಳಿಗಾಗಿ 1917ರಲ್ಲಿ ಬೆಸೆಂಟ್ ಬೇರೆ ಸಂಘವನ್ನೇ ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಬೇರೆಬೇರೆಯಾಗಿದ್ದ ಸ್ಕೌಟ್ ಸಂಘಗಳು ಒಂದಾದವು; ಮರುವರ್ಷ ಗೈಡ್‌ಗಳೂ ಸೇರಿದರು.

ಎಷ್ಟೋ ಕಡೆ ಸಮವಸ್ತ್ರ ತೊಟ್ಟ ಮಕ್ಕಳನ್ನು ಆಗಸ್ಟ್ 15ಕ್ಕೂ ಜನವರಿ 26ಕ್ಕೂ ಮಾತ್ರ ಹೊರಗೆ ಕರೆಯುತ್ತಾರೆ, ಗಣ್ಯರು ಬಂದಾಗ ಎರಡು ಸಾಲು ನಿಲ್ಲಿಸುತ್ತಾರೆ. ಇದು ಮಕ್ಕಳಿಗೆ ಮಾಡುವ ಅನ್ಯಾಯ. ವಾರದ ಕೂಟ ತಪ್ಪಿದ ಪ್ಯಾಕ್‌ನಲ್ಲಿ ಸಿಕ್ಸರ್‌ಗೆ ಮಾಡಲು ಕೆಲಸವೇ ಇರುವುದಿಲ್ಲ. ಸ್ಕಾರ್ಫ್ ಉಳಿಯುತ್ತದೆ, ಹೊಣೆ ಹೋಗಿರುತ್ತದೆ.

ಕೂಟ ತಪ್ಪದೆ ನಡೆಯುವಲ್ಲಿ ಹುಡುಗ ಪ್ಯಾಕ್ ಬಿಡುವ ದಿನ ನೋಡುವಂಥದ್ದು. ಹತ್ತು ತುಂಬಿದ ಸಿಕ್ಸರ್ ತನ್ನ ಐವರ ಕೈಕುಲುಕುತ್ತಾನೆ, ಸ್ಕೌಟ್ ಪದ್ಧತಿಯಂತೆ ಎಡಗೈಯಿಂದ. ಅಕೇಲಾ ಅವನನ್ನು ಮೈದಾನದ ಆಚೆ ಬದಿಗೆ ನಡೆಸಿಕೊಂಡು ಹೋಗುತ್ತಾರೆ. ಅಲ್ಲಿ ಕಾದು ನಿಂತ ಸ್ಕೌಟ್ ಮಾಸ್ಟರ್ ಅವನನ್ನು ಒಂದು ಪೆಟ್ರೋಲ್‌ಗೆ ಒಪ್ಪಿಸುತ್ತಾರೆ. ಮುಂದಿನ ವಾರ ಆ ಗುಂಪಿಗೆಲ್ಲ ಅವನೇ ಕಿರಿಯ, ಮತ್ತೆ ಕೈ ಚಾಚಿ ಉಗುರು ತೋರಿಸಬೇಕು. ಈಚೆ ಬದಿಯಲ್ಲಿ ನಿನ್ನೆಯವರೆಗೆ ಸೆಕೆಂಡ್ ಆಗಿದ್ದವನು ನಾಲ್ಕು ಜೊತೆ ಕೈಗಳ ಮುಂದೆ ಸಿಕ್ಸರ್ ಆಗಿ ನಿಂತಿರುತ್ತಾನೆ.