ಒಂದೇ ದಾರದ ಕಾಲುಚೀಲ



ದಸರಾ ರಜೆಯಲ್ಲಿ ನಾನು ಬೆಂಗಳೂರಿನ ಕಾಮಾಕ್ಷಿಪಾಳ್ಯದ ಅತ್ತೆ ಮನೆಗೆ ಹೋಗಿದ್ದೆ. ಅಲ್ಲಿ ಎತ್ತ ನೋಡಿದರೂ ಸಣ್ಣ ಸಣ್ಣ ಕಾರ್ಖಾನೆಗಳು. ನಮ್ಮ ತಾತ ಅಲ್ಲೇ ಒಂದು ವರ್ಕ್‌ಶಾಪಿನಲ್ಲಿ ರಾತ್ರಿ ಕಾವಲು ಕೆಲಸ ಮಾಡುತ್ತಾರೆ. ಅವರಿಗೆ ಕಾಲು ಊದುತ್ತದೆ. ಅಂಗಡಿಯ ಕಾಲುಚೀಲ ಹಾಕಿದರೆ ಎಲಾಸ್ಟಿಕ್ ಒತ್ತಿ ಕಾಲಿನ ಸುತ್ತ ಗೆರೆ ಬೀಳುತ್ತದೆ. ಹಾಕದಿದ್ದರೆ ಚಳಿ. ಅದಕ್ಕೇ ಅತ್ತೆ, "ನಾನು ಹೇಳ್ಕೊಡ್ತೀನಿ, ನೀನೇ ಹೆಣೆದು ಕೊಡು" ಅಂದರು. ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಕಂಬಳಿ ನೇಯಲು ಹಾಸು, ಹೊಕ್ಕು ಎಂದು ಎರಡು ಥರದ ನೂಲು ಬೇಕು. ಹೆಣಿಗೆಗೆ ಒಂದೇ ದಾರ ಸಾಕು. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುತ್ತಾ ಹೋಗಬೇಕು. ಎಳೆದಾಗ ಕುಣಿಕೆಗಳು ಅಗಲವಾಗುವುದರಿಂದ ಹೆಣೆದ ಬಟ್ಟೆ ಹಿಗ್ಗುತ್ತದೆ.

ಬೇಕಾಗುವ ಸಾಮಾನು: ತೆಳು ಉಲ್ಲನ್ ದಾರ, ದೊಡ್ಡ ಸೂಜಿ, ಎರಡೂ ತುದಿ ಚೂಪಾಗಿರುವ ಐದು ಕಡ್ಡಿ. ನಮ್ಮ ಮಾವ ಸೈಕಲ್ ಚಕ್ರದ ಕಡ್ಡಿ ಕತ್ತರಿಸಿ, ಅರದಿಂದ ಉಜ್ಜಿ ಮಾಡಿಕೊಟ್ಟರು.

ಹೆಣೆಯುವ ಕ್ರಮ: ತಾತನ ಕಾಲಿಗೆ 72 ಕುಣಿಕೆ ಬೇಕಾಯಿತು. ನಾಲ್ಕು ಕಡ್ಡಿಗೆ 18ರಂತೆ ಹಂಚಿ, ಐದನೆಯ ಕಡ್ಡಿಯಿಂದ ಸುತ್ತಲೂ ಹೆಣೆಯಬೇಕು. ಆಗ ಕೊಳವೆಯಂತೆ ಇಳಿಯುತ್ತದೆ. ಬಾಯಿಯ ಹತ್ತಿರ ಎರಡು ಸೀದಾ, ಎರಡು ಉಲ್ಟಾ ಹಾಕಬೇಕು. ಈ ಭಾಗ ಎಲಾಸ್ಟಿಕ್ ಇಲ್ಲದೆಯೇ ಹಿಗ್ಗಿ ಕುಗ್ಗುತ್ತದೆ.

ಇಲ್ಲೇ ನಾನು ತಪ್ಪು ಮಾಡಿದೆ. ಕುಣಿಕೆ ಜಾರೀತೆಂದು ಹೆದರಿ ಮೊದಲ ಸಾಲನ್ನು ಬಹಳ ಬಿಗಿಯಾಗಿ ಹಾಕಿದ್ದೆ. ನಾಲ್ಕು ದಿನ ಹೆಣೆದು ತಾತನ ಕಾಲಿಗೆ ಹಾಕಿ ನೋಡಿದರೆ ಹಿಮ್ಮಡಿ ದಾಟಲೇ ಇಲ್ಲ! ನನಗೆ ಅಳು ಬಂತು. ಅತ್ತೆ, "ಅಳ್ಬೇಡ ಕಣೇ. ಬಟ್ಟೆ ತಪ್ಪು ಕತ್ತರಿಸಿದ್ರೆ ಹೋಯ್ತು. ಇದು ಬಿಚ್ಚಿದ್ರೆ ಮತ್ತೆ ದಾರಾನೇ" ಅಂದರು. ಪೂರ್ತಿ ಬಿಚ್ಚಿ ಉಂಡೆ ಸುತ್ತಿದೆ. ಎರಡನೇ ಸಲ ಎರಡು ಕಡ್ಡಿ ಜೋಡಿಸಿ ಹಿಡಿದು ಮೊದಲ ಸಾಲು ಹಾಕಿ, ಆಮೇಲೆ ಒಂದು ಕಡ್ಡಿ ಎಳೆದೆ. ಸಾಲು ಸಡಿಲವಾಗಿ ಬಂತು.

ಕಾಲುಚೀಲದಲ್ಲಿ ಕಷ್ಟದ ಜಾಗ ಹಿಮ್ಮಡಿ. ನೇರ ಕೊಳವೆ ಅಲ್ಲಿ ಬಾಗಬೇಕಲ್ಲ? ಅದಕ್ಕೆ ಅರ್ಧ, ಅಂದರೆ 36 ಕುಣಿಕೆಗಳನ್ನು ಮಾತ್ರ ಹಿಂದೆ ಮುಂದೆ 36 ಸಾಲು ಹೆಣೆಯಬೇಕು. ಒಂದು ಪಟ್ಟಿ ಆಗುತ್ತದೆ. ಆಮೇಲೆ ಸಾಲು ಮುಗಿಸದೆ, ಮಧ್ಯ ದಾಟಿದ ಕೂಡಲೇ ಎರಡು ಕುಣಿಕೆ ಕೂಡಿಸಿ, ಇನ್ನೊಂದು ಹೆಣೆದು ಹಿಂತಿರುಗಬೇಕು. ಪ್ರತಿ ಸಲ ಸ್ವಲ್ಪ ಸ್ವಲ್ಪ ಮುಂದೆ ಹೋಗಿ ಹಿಂತಿರುಗಬೇಕು. ಅಂಚಿಗಿಂತ ಮಧ್ಯದಲ್ಲಿ ಸಾಲು ಹೆಚ್ಚಾಗಿ, ಬಟ್ಟೆ ಬೊಗಸೆಯಂತೆ ಗುಂಡಗಾಗುತ್ತದೆ. ಕೊನೆಗೆ 20 ಕುಣಿಕೆ ಉಳಿಯಿತು. ಪಟ್ಟಿಯ ಎರಡೂ ಅಂಚಿನಿಂದ 18ರಂತೆ ಹೊಸ ಕುಣಿಕೆ ಎತ್ತಿ, ಮತ್ತೆ ಸುತ್ತ ಹೆಣೆದೆ. ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಎರಡು ಕಡಿಮೆ ಮಾಡುತ್ತಾ 92ರಿಂದ 72ಕ್ಕೆ ಇಳಿಸಿದೆ. ಪಾದದ ಉದ್ದ ಆದ ಮೇಲೆ ಬೆರಳಿನ ಕಡೆ ಕಡಿಮೆ ಮಾಡಿ, ಕೊನೆಯ 16 ಕುಣಿಕೆಗಳಲ್ಲಿ ಸೂಜಿಯಿಂದ ದಾರ ತೂರಿಸಿ ಎಳೆದು ಕಟ್ಟಿದೆ.

1589ರಲ್ಲೇ ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದರು. ಈಗ ಅಂಗಡಿಗೆ ಬರುವುದೆಲ್ಲ ಸಾಮಾನ್ಯವಾಗಿ ಯಂತ್ರದ್ದೇ. ಆದರೆ ಅವನ್ನು ತಾತನ ಕಾಲಿನ ಅಳತೆಗೆ ಮಾಡಿರುವುದಿಲ್ಲ.

ರಜೆ ಮುಗಿಯುವಾಗ ಒಂದೇ ಕಾಲಿನದು ಆಗಿತ್ತು. ಆ ರಾತ್ರಿ ತಾತ ಒಂದು ಕಾಲಿಗೆ ನನ್ನದು, ಇನ್ನೊಂದಕ್ಕೆ ಅಂಗಡಿಯದು ಹಾಕಿಕೊಂಡು ಕೆಲಸಕ್ಕೆ ಹೋದರು. ಬೆಳಿಗ್ಗೆ ಎರಡೂ ಕಾಲು ತೋರಿಸಿದರು. ಒಂದರಲ್ಲಿ ಗೆರೆ ಇತ್ತು, ನನ್ನದು ಹಾಕಿದ ಕಾಲಿನಲ್ಲಿ ಇರಲಿಲ್ಲ. "ಇನ್ನೊಂದು ಯಾವಾಗ ಪುಟ್ಟಿ?" ಅಂದರು. ದೀಪಾವಳಿಗೆ ಕೊಡಬೇಕು. ಈಗ ಹಿಮ್ಮಡಿಯವರೆಗೆ ಬಂದಿದೆ. ಕಲಿಯಬೇಕೆನ್ನುವವರು ಊಟದ ಬಿಡುವಿನಲ್ಲಿ ಬನ್ನಿ, ಕಡ್ಡಿ ತಂದಿರುತ್ತೇನೆ.

– ಏಳನೇ ತರಗತಿ ವಿದ್ಯಾರ್ಥಿನಿ