ಪಕ್ಷಪಾತಕ್ಕೆ ಸಾಕ್ಷಿ ಯಾವುದು?

ಹೆಣ್ಣೆಂಬ ಕಾರಣಕ್ಕೆ ಸಂಬಳವನ್ನು ಕಡಿಮೆ ಮಾಡಿರುವೆನೆಂದು ಕಾಗದದಲ್ಲಿ ಬರೆದು ರುಜು ಹಾಕಿಕೊಡುವ ಮಾಲೀಕರು ಲೋಕದಲ್ಲಿ ದುರ್ಲಭ. ಸಾಲಕ್ಕೆ ಪತ್ರವುಂಟು, ಕಳವಿಗೆ ಕಂಡವರುಂಟು. ಅಂತರಂಗದಲ್ಲಿ ಅಡಗಿದ ತಾರತಮ್ಯಬುದ್ಧಿಗೆ ಮಾತ್ರ ಪ್ರತ್ಯಕ್ಷಸಾಕ್ಷಿ ದೊರೆಯುವುದು ಅಪರೂಪವಾದ್ದರಿಂದ, ನ್ಯಾಯಾಲಯದಲ್ಲಿ ಅದನ್ನು ರುಜುವಾತುಪಡಿಸಹೊರಟವರಿಗೆ ಉಳಿಯುವ ಮುಖ್ಯ ಸಾಧನ ಹೋಲಿಕೆಯೊಂದೇ: ಸಮಾನವಾದ ಕೆಲಸವನ್ನು ಮಾಡುವ ಇಬ್ಬರಲ್ಲಿ ಒಬ್ಬರಿಗೇಕೆ ಹೆಚ್ಚು, ಮತ್ತೊಬ್ಬರಿಗೇಕೆ ಕಡಿಮೆ?

ಈ ಹೋಲಿಕೆಯ ಬಲವನ್ನು ಅರಿಯಲು ಮುಂಬಯಿಯ ಮ್ಯಾಕಿನನ್ ಮೆಕೆಂಜಿ ಕಂಪೆನಿಯ ಮೊಕದ್ದಮೆ ಉತ್ತಮ ನಿದರ್ಶನ. ಅಲ್ಲಿ ‘ಕಾನ್ಫಿಡೆನ್ಷಿಯಲ್ ಲೇಡಿ ಸ್ಟೆನೋಗ್ರಾಫರ್’ ಎಂಬ ಹುದ್ದೆಯಲ್ಲಿದ್ದ ಮಹಿಳೆಯೊಬ್ಬರು, 1977ರಲ್ಲಿ ಕೆಲಸ ಕಳೆದುಕೊಂಡ ತರುವಾಯ, ಗಂಡಸರಾದ ಸ್ಟೆನೋಗ್ರಾಫರುಗಳಿಗಿಂತ ತಮಗೆ ಕಡಿಮೆ ಸಂಬಳ ಸಂದಿತೆಂದು 1976ರ ಸಮಾನ ವೇತನ ಕಾಯಿದೆಯನ್ವಯ ದೂರಿತ್ತರು. ಕಂಪೆನಿಯ ಸಮಾಧಾನಗಳು ಮುಖ್ಯವಾಗಿ ಮೂರು: ಆ ಹುದ್ದೆಯಲ್ಲಿ ಗಂಡಸರೇ ಇಲ್ಲವಾದ್ದರಿಂದ ಹೋಲಿಕೆಗೆ ಆಸ್ಪದವಿಲ್ಲ, ಸಂಬಳದ ದರ ಕಾರ್ಮಿಕ ಸಂಘದೊಡನೆ ಆದ ಒಪ್ಪಂದದಂತೆ ನಿಗದಿಯಾದದ್ದು, ಹೆಚ್ಚು ಕೊಡಲು ತನಗೆ ಆರ್ಥಿಕ ಶಕ್ತಿಯಿಲ್ಲ.

ಮೊದಲು ವಿಚಾರಣೆ ನಡೆಸಿದ ಅಧಿಕಾರಿ, ಕೆಲಸ ಒಂದೇ ಬಗೆಯದೆಂದು ಕಂಡುಕೊಂಡಿದ್ದರೂ, ಒಪ್ಪಂದದ ವಾದವನ್ನು ಮನ್ನಿಸಿ ದೂರನ್ನು ತಳ್ಳಿಹಾಕಿದರು. ಮೇಲ್ಮನವಿಯಲ್ಲಿಯೂ ಬೊಂಬಾಯಿ ಹೈಕೋರ್ಟಿನಲ್ಲಿಯೂ ಆಕೆಗೆ ಜಯವಾಯಿತು. ಕಂಪೆನಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ, ಕನ್ನಡಿಗರೇ ಆದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು 1987ರ ಮಾರ್ಚಿನಲ್ಲಿ ಬರೆದ ತೀರ್ಪು ಮೂರು ವಾದಗಳನ್ನೂ ನಿರಾಕರಿಸಿತು. ಹುದ್ದೆಗೆ ಇಟ್ಟ ಹೆಸರೇನೇ ಇರಲಿ, ದಿನನಿತ್ಯ ನಡೆಯುವ ಕೆಲಸವನ್ನು ವಿಶಾಲದೃಷ್ಟಿಯಿಂದ ನೋಡಬೇಕು, ಸಣ್ಣಪುಟ್ಟ ವ್ಯತ್ಯಾಸಗಳನ್ನು ಗಣಿಸಲಾಗದು. ಆ ಹುದ್ದೆಗಳಲ್ಲಿ ಹೆಂಗಸರೇ ಇದ್ದರೆ ಅದಕ್ಕೆ ಆಡಳಿತವರ್ಗದ ಇಚ್ಛೆಯೇ ಕಾರಣ. ಒಪ್ಪಂದವಾಗಲಿ ಹಣದ ಮುಗ್ಗಟ್ಟಾಗಲಿ ಕಾಯಿದೆಯನ್ನು ಮೀರಲಾರದು. ಹೀಗೆ, ಯಾರೊಬ್ಬರ ಮನಸ್ಸನ್ನೂ ಬಗೆದು ನೋಡದೆ, ಕೆಲಸವನ್ನೂ ಸಂಬಳವನ್ನೂ ಎದುರುಬದುರಿಟ್ಟು ನೋಡಿದ ಮಾತ್ರದಿಂದಲೇ ತಾರತಮ್ಯ ಸಿದ್ಧವಾಯಿತು.

ಸಮಾನ ವೇತನದ ಆ ನಿಯಮವು ಈಗ 2019ರ ವೇತನ ಸಂಹಿತೆಯೊಳಗೆ ಸೇರಿದೆ. ಕಾಯಿದೆಯೇನೋ ಬಲವಾಗಿದೆ, ಅದನ್ನು ಆಶ್ರಯಿಸುವವರ ಕೈಯಲ್ಲಿ ಹೋಲಿಕೆಗೆ ಬೇಕಾದ ದಾಖಲೆಗಳು ಇರಬೇಕಷ್ಟೆ. ಆದುದರಿಂದ ಉದ್ಯೋಗದಲ್ಲಿರುವ ವಾಚಕರು ನೇಮಕದ ಆದೇಶವನ್ನೂ ಸಂಬಳದ ಚೀಟಿಗಳನ್ನೂ ಕೆಲಸ ವಹಿಸಿದ ಪತ್ರಗಳನ್ನೂ ತಾರೀಖಿನ ಕ್ರಮದಲ್ಲಿ ಜೋಪಾನವಾಗಿ ಇಟ್ಟುಕೊಳ್ಳುವುದು, ವ್ಯಾಜ್ಯದ ಯೋಚನೆ ಇಲ್ಲದ ದಿನಗಳಲ್ಲಿಯೂ, ವಿವೇಕದ ಮಾರ್ಗ.